ಎಪ್ಪತ್ತೈದು ಸೆಂಟುಗಳ ವ್ಯತ್ಯಾಸ: ಗಣಕಜಾಲದ ಕಾವಲಿನ ಚರಿತ್ರೆಯಲ್ಲಿ ಒಂದು ಪ್ರಸಂಗ

ರಾಜ್ಯಗಳ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳೂ ಕಡತಗಳೂ ಲೆಕ್ಕದ ವಹಿಗಳೂ ಆಧಾರಗಳಾಗಿರುವಂತೆ, ಗಣಕಜಾಲಗಳ ಚರಿತ್ರೆಗೂ ಒಂದು ಆಧಾರವುಂಟು. ಯಾರು, ಯಾವಾಗ, ಯಾವ ಮಾರ್ಗದಿಂದ ಯಂತ್ರವನ್ನು ಪ್ರವೇಶಿಸಿದರೆಂಬುದನ್ನು ಯಂತ್ರವೇ ಬರೆದಿಡುವ ದಿನವಹಿಯೇ ಅದು. ಅಂತಹ ದಿನವಹಿಯನ್ನು ಶ್ರದ್ಧೆಯಿಂದ ಓದಿದ ಮೇಲ್ವಿಚಾರಕರೊಬ್ಬರಿಂದ ಬೇಹುಗಾರಿಕೆಯೊಂದು ಬಯಲಿಗೆ ಬಂದ ಪ್ರಸಂಗವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಗಣಕಯಂತ್ರವನ್ನು ಬಳಸಿದವರು ಬಳಸಿದ ಕಾಲಕ್ಕೆ ತಕ್ಕಂತೆ ಶುಲ್ಕ ತೆರಬೇಕಾಗಿತ್ತು. 1986ರ ಆಗಸ್ಟಿನಲ್ಲಿ ಈ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡುಬಂದಿತು. ಅದರ ಕಾರಣವನ್ನು ಹುಡುಕುವ ಕೆಲಸ ಖಗೋಳ ವಿಜ್ಞಾನಿಯಾಗಿದ್ದು ಆಗತಾನೆ ಗಣಕ ವಿಭಾಗಕ್ಕೆ ಬಂದಿದ್ದ ಕ್ಲಿಫರ್ಡ್ ಸ್ಟಾಲ್ ಅವರ ಪಾಲಿಗೆ ಬಂದಿತು. ಶುಲ್ಕ ವಿಧಿಸಲು ವಿಳಾಸವೇ ಇಲ್ಲದ ಖಾತೆಯೊಂದನ್ನು ಅವರು ಪತ್ತೆಮಾಡಿದರು, ಅದನ್ನು ತೆಗೆದುಹಾಕಲಾಯಿತು. ಅಷ್ಟರಲ್ಲಿ, ಬರ್ಕ್ಲಿಯಿಂದ ಯಾರೋ ತಮ್ಮ ಯಂತ್ರದೊಳಕ್ಕೆ ನುಸುಳಲು ಯತ್ನಿಸಿದರೆಂದು ಬೇರೊಂದು ಕೇಂದ್ರದಿಂದ ದೂರು ಬಂದಿತು. ಇದು ಕೇವಲ ಗಣಿತದ ತಪ್ಪಲ್ಲವೆಂಬುದು ಆಗ ಸ್ಪಷ್ಟವಾಯಿತು.

ಬಾಗಿಲು ಮುಚ್ಚುವುದೋ, ತೆರೆದಿಟ್ಟು ನೋಡುವುದೋ ಎಂಬ ಪ್ರಶ್ನೆ ಎದುರಾದಾಗ ಪ್ರಯೋಗಾಲಯವು ಎರಡನೆಯದನ್ನು ಆರಿಸಿಕೊಂಡಿತು. ಒಳಬರುವ ತಂತಿಗಳಿಗೆ ಮುದ್ರಣಯಂತ್ರಗಳನ್ನು ಜೋಡಿಸಲಾಯಿತು. ನುಸುಳುಗಾರನು ಯಂತ್ರದಲ್ಲಿ ಮೇಲ್ವಿಚಾರಕರಿರುವರೇ ಎಂದು ಮೊದಲು ನೋಡುತ್ತಿದ್ದುದರಿಂದ, ಅವನಿಗೆ ಕಾಣದಂತೆ ಪ್ರತ್ಯೇಕ ಉಪಕರಣಗಳಲ್ಲಿ ದಾಖಲೆ ನಡೆಯಿತು. ಅನುಮಾನದ ಹೆಸರು ಕಾಣಿಸಿಕೊಂಡೊಡನೆ ಸ್ಟಾಲ್ ಅವರ ಪೇಜರಿಗೆ ಎಚ್ಚರಿಕೆ ಹೋಗುತ್ತಿತ್ತು. ಹೀಗೆ ದೊರೆತ ಕಾಗದಗಳಿಂದ, ಅವನು ಸೇನಾಜಾಲದ ಯಂತ್ರಗಳಲ್ಲಿ ಪರಮಾಣು ವಿಷಯಗಳನ್ನೂ ಕ್ಷಿಪಣಿ ರಕ್ಷಣಾ ಯೋಜನೆಯನ್ನೂ ಕುರಿತ ಕಡತಗಳನ್ನು ಅರಸುತ್ತಿದ್ದನೆಂದು ತಿಳಿಯಿತು. ಸುಮಾರು 450 ಯಂತ್ರಗಳ ಮೇಲೆ ಅವನ ಪ್ರಯತ್ನ ನಡೆದು, 30ಕ್ಕೂ ಹೆಚ್ಚಿನವು ಅವನಿಗೆ ತೆರೆದುಕೊಂಡವು. ತಯಾರಕರು ಇಟ್ಟ ಗುಪ್ತಪದವನ್ನು ಅನೇಕ ಕಡೆ ಬದಲಾಯಿಸಿಯೇ ಇರಲಿಲ್ಲವೆಂಬುದು ಗಮನಾರ್ಹ.

ನಷ್ಟ 75 ಸೆಂಟು ಮಾತ್ರವಾದುದರಿಂದ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯು ಮೊದಲು ಆಸಕ್ತಿ ತೋರಲಿಲ್ಲ. ಆದರೂ ಜಾಡು ಪಶ್ಚಿಮ ಜರ್ಮನಿಯವರೆಗೆ ಸಾಗಿತು. ಅಲ್ಲಿನ ದೂರವಾಣಿ ಕೇಂದ್ರದಲ್ಲಿ ಕರೆಯ ಮೂಲವನ್ನು ಹುಡುಕಲು ಸಂಪರ್ಕವು ಬಹಳ ಹೊತ್ತು ಉಳಿಯಬೇಕಾಗಿತ್ತು. ಆದಕಾರಣ 1987ರ ಜನವರಿಯಲ್ಲಿ ಸ್ಟಾಲ್ ಅವರು ಕ್ಷಿಪಣಿ ರಕ್ಷಣೆಗೆ ಸಂಬಂಧಿಸಿದಂತೆ ತೋರುವ ಕೃತಕ ಕಡತಗಳನ್ನು ನಿರ್ಮಿಸಿದರು. ಅವನು ಅವುಗಳನ್ನು ಓದುತ್ತ ಉಳಿದನು. ಜಾಡು ಹ್ಯಾನೋವರ್ ನಗರವನ್ನು ಮುಟ್ಟಿತು. ಮಾರ್ಕುಸ್ ಹೆಸ್ ಮತ್ತು ಅವನ ಸಂಗಡಿಗರು ತಾವು ಪಡೆದುದನ್ನು ಸೋವಿಯತ್ ಗುಪ್ತಚರ ಸಂಸ್ಥೆ ಕೆ.ಜಿ.ಬಿ.ಗೆ ಮಾರುತ್ತಿದ್ದರು. 1990ರಲ್ಲಿ ಪಶ್ಚಿಮ ಜರ್ಮನಿಯ ನ್ಯಾಯಾಲಯವು ಅವರನ್ನು ಅಪರಾಧಿಗಳೆಂದು ನಿರ್ಣಯಿಸಿ, ಅಮಾನತಿನಲ್ಲಿಟ್ಟ ಶಿಕ್ಷೆಗಳನ್ನು ವಿಧಿಸಿತು.

ದಿನವಹಿಗಳ ಪರಿಶೀಲನೆಯಿಂದ ನುಸುಳನ್ನು ಕಂಡುಹಿಡಿಯಬಹುದೆಂಬ ವಿಚಾರ ಹೊಸದಾಗಿರಲಿಲ್ಲ. ಜೇಮ್ಸ್ ಆಂಡರ್ಸನ್ ಅವರು 1980ರಲ್ಲಿಯೇ ಅದನ್ನು ಪ್ರತಿಪಾದಿಸಿದ್ದರು. ಡೊರೊಥಿ ಡೆನಿಂಗ್ ಅವರು 1987ರಲ್ಲಿ ಅದಕ್ಕೆ ಶಾಸ್ತ್ರೀಯ ಮಾದರಿಯನ್ನು ಕೊಟ್ಟರು. ಬರ್ಕ್ಲಿಯ ಪ್ರಸಂಗವು ಆ ವಿಚಾರದ ಬೆಲೆಯನ್ನು ವ್ಯವಹಾರದಲ್ಲಿ ತೋರಿಸಿತು. ಆದರೆ ಕಾವಲಿಗೂ ಒಂದು ಮೇರೆ ಬೇಕು. ಎಲ್ಲ ತಂತಿಗಳನ್ನೂ ದಾಖಲಿಸಿದಾಗ ನಿರಪರಾಧಿಗಳ ವ್ಯವಹಾರವೂ ಕಾಗದಕ್ಕೆ ಇಳಿಯುತ್ತದೆ. ನುಸುಳುಗಾರನ ಮಾರ್ಗ ತಿಳಿದ ಮೇಲೆ ಕಾವಲನ್ನು ಅಷ್ಟಕ್ಕೇ ಸಂಕೋಚಗೊಳಿಸಿದುದು ವಿವೇಕದ ಕ್ರಮ.

ನಮ್ಮ ದೇಶದಲ್ಲಿ 2022ರ ಏಪ್ರಿಲ್ ತಿಂಗಳ ನಿರ್ದೇಶನದ ಮೂಲಕ, ಗಣಕ ತುರ್ತು ಪ್ರತಿಕ್ರಿಯಾ ಸಂಸ್ಥೆಯಾದ ಸರ್ಟ್-ಇನ್ ಇಂತಹ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕೆಂದು ವಿಧಿಸಿದೆ. ಬರ್ಕ್ಲಿಯ ಬೆನ್ನಟ್ಟುವಿಕೆ ಇದಕ್ಕಿಂತ ದೀರ್ಘಕಾಲ ನಡೆಯಿತು. ಆ ಅವಧಿಯನ್ನೇ ಅಲ್ಲಿ ಮೇರೆಯೆಂದು ಭಾವಿಸಿದ್ದರೆ, 75 ಸೆಂಟುಗಳ ಮೊದಲ ಪುಟವು ಅಪರಾಧಿ ಸಿಕ್ಕುವ ಮುನ್ನವೇ ನಾಶವಾಗುತ್ತಿತ್ತು. ದಾಖಲೆಯನ್ನು ಎಷ್ಟು ಕಾಲ ಇಡಬೇಕೆಂದು ವಿಧಿಸುವುದು ಶಾಸನಕ್ಕೆ ಸಾಧ್ಯ. ಅದನ್ನು ತೆರೆದು ಓದುವ ಶ್ರದ್ಧೆ ಮೇಲ್ವಿಚಾರಕನಿಂದಲೇ ಬರಬೇಕು.