ದಾರಿ ತೋರುವ ಪಾದರಕ್ಷೆ, ದಿಕ್ಕು ಹೇಳುವ ನಡುಪಟ್ಟಿ

ಮೈಮೇಲೆ ಧರಿಸಿ ನಡೆದರೆ ಹೋಗಬೇಕಾದ ದಾರಿಯನ್ನು ಸೂಚಿಸುವ ಸಾಧನಗಳು ಕಳೆದ ಎರಡು ದಶಕಗಳಲ್ಲಿ ಪ್ರಯೋಗಾಲಯದಿಂದ ಮಾರುಕಟ್ಟೆಯವರೆಗೆ ಬಂದಿವೆ. ಪಾದರಕ್ಷೆ, ನಡುಪಟ್ಟಿ, ಕೈಪಟ್ಟಿ ಹೀಗೆ ಇವುಗಳ ರೂಪ ಹಲವು. ಇವುಗಳಲ್ಲಿ ಬಹುಪಾಲು ದಾರಿಯನ್ನು ಮಾತಿನಲ್ಲಿ ಹೇಳುವುದಿಲ್ಲ, ಪರದೆಯ ಮೇಲೆ ತೋರಿಸುವುದೂ ಇಲ್ಲ. ಚರ್ಮಕ್ಕೆ ತಾಗುವ ಕಂಪನದ ಮೂಲಕ ತಿಳಿಸುತ್ತವೆ. ಇವುಗಳ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ದೃಷ್ಟಿಹೀನರಿಗೆ.

ಕಂಪನವೇ ಏಕೆ?

ಮೊಬೈಲ್ ಫೋನುಗಳು ದಾರಿಯನ್ನು ಬಾಯಿಬಿಟ್ಟು ಹೇಳುತ್ತಿರುವಾಗ ಕಂಪನವೇಕೆ ಎಂಬ ಪ್ರಶ್ನೆ ಸಹಜ. ಕಣ್ಣು ಕಾಣದವರಿಗೆ ರಸ್ತೆಯಲ್ಲಿ ಕಿವಿಯೇ ಕಣ್ಣು. ವಾಹನ ಎತ್ತಣಿಂದ ಬರುತ್ತಿದೆ, ಪಕ್ಕದಲ್ಲಿ ಗೋಡೆಯಿದೆಯೇ ಬಯಲಿದೆಯೇ ಎಂಬುದನ್ನೆಲ್ಲ ಅವರು ಸದ್ದಿನಿಂದಲೇ ಗ್ರಹಿಸುತ್ತಾರೆ. ಆ ಕಿವಿಗೆ ಇಯರ್‌ಫೋನ್ ಸಿಕ್ಕಿಸುವುದೆಂದರೆ ಇದ್ದೊಂದು ಆಸರೆಯನ್ನೂ ಕಿತ್ತುಕೊಂಡಂತೆ. ಕೈಯೊಂದು ಬಿಳಿಕೋಲಿಗೆ ಮೀಸಲು. ಉಳಿದದ್ದು ಸ್ಪರ್ಶ.

ಬೆಂಗಳೂರಿನ ನಂಟು

ಈ ತತ್ವದ ಮೇಲೆ ರೂಪುಗೊಂಡ ಭಾರತೀಯ ಸಾಧನ 'ಲೇ ಚಲ್'. ಹಿಂದಿಯಲ್ಲಿ ಇದರರ್ಥ 'ಕರೆದುಕೊಂಡು ಹೋಗು'. ಬೆಂಗಳೂರಿನ ಎಚ್‌ಪಿ ಲ್ಯಾಬ್ಸ್‌ನಲ್ಲಿ ಸಂಶೋಧಕರಾಗಿದ್ದ ಅನಿರುದ್ಧ ಶರ್ಮಾ 2011ರಲ್ಲಿ ಇದರ ಮೊದಲ ಮಾದರಿಯನ್ನು ನಿರ್ಮಿಸಿದರು. ಬೂಟಿನೊಳಗೆ ಪುಟ್ಟ ಕಂಪಕಗಳು, ಮುಂದಿನ ಅಡೆತಡೆಯನ್ನು ಅರಿಯುವ ಸಂವೇದಕ, ಫೋನಿನೊಡನೆ ಬ್ಲೂಟೂತ್ ಸಂಪರ್ಕ ಇಷ್ಟೇ ಇದರ ಸಾಮಗ್ರಿ. ಲೆಕ್ಕಾಚಾರವನ್ನೆಲ್ಲ ಜೇಬಿನಲ್ಲಿರುವ ಫೋನೇ ಮಾಡುತ್ತದೆ. ಎಡಕ್ಕೆ ತಿರುಗಬೇಕಾದಲ್ಲಿ ಎಡಗಡೆ, ಬಲಕ್ಕಾದರೆ ಬಲಗಡೆ ಕಂಪನ. ಬಳಿಕ ಕ್ರಿಸ್ಪಿಯನ್ ಲಾರೆನ್ಸ್ ಅವರೊಡಗೂಡಿ ಸ್ಥಾಪಿಸಿದ ಡ್ಯೂಸೆರ್ ಟೆಕ್ನಾಲಜೀಸ್ ಸಂಸ್ಥೆ ಇದನ್ನು ಪಾದರಕ್ಷೆ ಹಾಗೂ ಒಳಅಟ್ಟೆಯ ರೂಪದಲ್ಲಿ 2014ರಲ್ಲಿ ಗ್ರಾಹಕರ ಮುಂದಿಟ್ಟಿತು. ದೃಷ್ಟಿಹೀನರಿಗಾಗಿ ಹುಟ್ಟಿದ ವಸ್ತುವನ್ನು ಓಟಗಾರರಿಗೂ ಪ್ರವಾಸಿಗರಿಗೂ ಮಾರಲು ಹೊರಟದ್ದು ವ್ಯಾಪಾರದ ಅನಿವಾರ್ಯತೆಯೆನ್ನಬೇಕು. ಕೇವಲ ಅಂಗವಿಕಲರನ್ನು ನಂಬಿದ ಉತ್ಪನ್ನಕ್ಕೆ ಬಂಡವಾಳ ದೊರೆಯುವುದು ಅಪರೂಪ.

ಜರ್ಮನಿಯ ಓಸ್ನಾಬ್ರುಕ್ ವಿಶ್ವವಿದ್ಯಾಲಯದ ಪ್ರಯೋಗ ಇನ್ನೂ ಕುತೂಹಲಕರ. ಪೀಟರ್ ಕೋನಿಗ್ ಅವರ ತಂಡ ರೂಪಿಸಿದ ನಡುಪಟ್ಟಿಯಲ್ಲಿ ಸುತ್ತಲೂ 13 ಕಂಪಕಗಳಿದ್ದವು. ಧರಿಸಿದವರು ಎತ್ತ ತಿರುಗಿದರೂ ಉತ್ತರ ದಿಕ್ಕಿಗಿರುವ ಕಂಪಕ ಮಾತ್ರ ಮಿಡಿಯುತ್ತಿತ್ತು. ನಾಲ್ವರು ಇದನ್ನು ಆರು ವಾರ ಕಟ್ಟಿಕೊಂಡು ಓಡಾಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅವರಲ್ಲಿ ಇಬ್ಬರಿಗೆ ಕಂಪನವು ಬರಿಯ ಕಂಪನವಾಗಿ ಉಳಿಯದೆ ಸುತ್ತಲಿನ ಸ್ಥಳದ ಅರಿವನ್ನೇ ಮಾರ್ಪಡಿಸಿತ್ತು. ಇನ್ನಿಬ್ಬರಿಗೆ ಅಂಥ ಅನುಭವವಾಗಲಿಲ್ಲ. ಅದೇ ಸಂಶೋಧನೆಯಿಂದ 'ಫೀಲ್‌ಸ್ಪೇಸ್' ಎಂಬ ಕಂಪನಿ ಹುಟ್ಟಿಕೊಂಡಿತು.

ಐದು ಮೀಟರಿನ ಅಂತರ

ಇಂಥ ಬಹುಪಾಲು ಸಾಧನಗಳ ಬೆನ್ನೆಲುಬು ಜಿಪಿಎಸ್. ಅವುಗಳ ದೌರ್ಬಲ್ಯವೂ ಅದೇ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರವು ನಾಗರಿಕ ಬಳಕೆಯ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆ ನಿಖರತೆ ಬಹಳ ಹೆಚ್ಚಿತು. ಆದರೂ ಬಯಲಿನಲ್ಲಿ ಸ್ಮಾರ್ಟ್‌ಫೋನೊಂದು ತೋರುವ ಸ್ಥಾನದಲ್ಲಿ ಸಾಮಾನ್ಯವಾಗಿ 4.9 ಮೀಟರಿನವರೆಗೆ ವ್ಯತ್ಯಾಸವಿರುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತಗಳು ಪ್ರತಿಫಲಿಸಿ ಅದು ಮತ್ತಷ್ಟು ಹಿಗ್ಗುತ್ತದೆ. ಕಾರಿನಲ್ಲಿ ಕುಳಿತವರಿಗೆ ಐದು ಮೀಟರ್ ಲೆಕ್ಕಕ್ಕಿಲ್ಲ. ಕಣ್ಣು ಕಾಣದ ಪಾದಚಾರಿಗೆ ಅದು ಕಾಲುದಾರಿಗೂ ನಡುರಸ್ತೆಗೂ ಇರುವ ಅಂತರ.

ಬ್ರಿಟನ್ನಿನ ದೃಷ್ಟಿಹೀನ ಓಟಗಾರ ಸೈಮನ್ ವೀಟ್‌ಕ್ರಾಫ್ಟ್ 2017ರ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ 'ವೇಬ್ಯಾಂಡ್' ಎಂಬ ತೋಳುಪಟ್ಟಿಯನ್ನು ಪರೀಕ್ಷಿಸಿದಾಗಲೂ ಜೊತೆಯಲ್ಲಿ ಕಣ್ಣಿರುವ ಸಹಓಟಗಾರರಿದ್ದರು.

ದಾರಿಯ ದಿಕ್ಕು ತಿಳಿದರೂ ದಾರಿಯಲ್ಲಿರುವ ಗುಂಡಿ ತಿಳಿಯದು. ತೆರೆದ ಚರಂಡಿ, ಕಿತ್ತುಹೋದ ಚಪ್ಪಡಿ, ಕಾಲುದಾರಿಯ ಮೇಲೇರಿ ನಿಂತ ಸ್ಕೂಟರ್ ಇವು ಯಾವ ನಕಾಶೆಯಲ್ಲೂ ಇರುವುದಿಲ್ಲ. ಆದ್ದರಿಂದಲೇ ಬಿಳಿಕೋಲಿಗೆ ಪರ್ಯಾಯ ದೊರೆತಿಲ್ಲ. ದೆಹಲಿಯ ಐಐಟಿ ಅಭಿವೃದ್ಧಿಪಡಿಸಿ 2014ರಲ್ಲಿ ಬಿಡುಗಡೆಗೊಂಡ 'ಸ್ಮಾರ್ಟ್‌ಕೇನ್' ಈ ಅರಿವಿನ ಫಲ. ಮಾಮೂಲಿ ಕೋಲಿಗೆ ಜೋಡಿಸುವ ಈ ಉಪಕರಣ, ಕೋಲಿಗೆ ಸಿಗದ ಮೊಣಕಾಲಿನ ಮೇಲ್ಮಟ್ಟದ ಅಡೆತಡೆಗಳನ್ನು ಶ್ರವಣಾತೀತ ಧ್ವನಿತರಂಗದಿಂದ ಪತ್ತೆಹಚ್ಚಿ ಹಿಡಿಯಲ್ಲಿ ಕಂಪಿಸುತ್ತದೆ.

ನೆಲದಡಿಗಂತೂ ಉಪಗ್ರಹದ ಸಂಕೇತ ಇಳಿಯದು. ಬೆಂಗಳೂರಿನ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಂಥ ಕಡೆ ದೃಷ್ಟಿಹೀನರಿಗೆ ದಾರಿ ತೋರುವುದು ನೆಲದ ಮೇಲಿನ ಉಬ್ಬುಪಟ್ಟಿಗಳೇ. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಕಂಡುಹಿಡಿದ ಆ ಪಟ್ಟಿಗೆ ಬ್ಯಾಟರಿ ಬೇಕಿಲ್ಲ. ಅದರ ಮೇಲೆ ಯಾರೂ ಸಾಮಾನು ಇಡದಿದ್ದರಾಯಿತು.