ಡೆಸ್ಕ್‌ಟಾಪ್ ಇಮೇಲ್ ಪ್ರೋಗ್ರಾಂ: ಇಂಟರ್ನೆಟ್ ಸಂಪರ್ಕ ದೋಷಗಳ ಪತ್ತೆ ಮತ್ತು ಪರಿಹಾರ

ಡೆಸ್ಕ್‌ಟಾಪ್ ಇಮೇಲ್ ಪ್ರೋಗ್ರಾಂ ಎಂದರೆ ಬ್ರೌಸರಿನ ಹಂಗಿಲ್ಲದೆ ಕಂಪ್ಯೂಟರಿನಿಂದಲೇ ನೇರವಾಗಿ ಮೇಲ್ ಕಳಿಸುವ, ತರಿಸುವ ತಂತ್ರಾಂಶ. ಮೈಕ್ರೋಸಾಫ್ಟ್ ಔಟ್‌ಲುಕ್, ಔಟ್‌ಲುಕ್ ಎಕ್ಸ್‌ಪ್ರೆಸ್, ಮೊಜಿಲ್ಲಾ ಥಂಡರ್‌ಬರ್ಡ್ ಇವುಗಳಲ್ಲಿ ಪರಿಚಿತವಾದವು. ಇಂಥ ಪ್ರೋಗ್ರಾಂ ಸರ್ವರನ್ನು ಮುಟ್ಟಲಾರದೆ ನಿಂತಾಗ ತೊಡಕು ತಂತಿಯಲ್ಲಿದೆಯೋ, ಮೋಡೆಮ್ಮಿನಲ್ಲೋ, ವಿಂಡೋಸಿನಲ್ಲೋ, ಖಾತೆಯ ಸೆಟ್ಟಿಂಗಿನಲ್ಲೋ ಎಂದು ಒಂದೊಂದಾಗಿ ಬೇರ್ಪಡಿಸಿ ನೋಡುವುದೇ ಸಂಪರ್ಕ ದೋಷಪತ್ತೆ. ಮೈಸೂರು ಜಿಲ್ಲೆಯ ನಂಜನಗೂಡು, ತಿ. ನರಸೀಪುರದಂಥ ತಾಲೂಕು ಕೇಂದ್ರಗಳಲ್ಲಿ ಡಯಲ್‌ಅಪ್ ಹೋಗಿ ಬ್ರಾಡ್‌ಬ್ಯಾಂಡ್, ಅದರ ಬೆನ್ನಿಗೆ ಫೈಬರ್ ಮತ್ತು ಮೊಬೈಲ್ ಹಾಟ್‌ಸ್ಪಾಟ್ ಬಂದವು. ಸಂಪರ್ಕ ಬದಲಾದರೂ ಪ್ರೋಗ್ರಾಂ ಹಳೆಯ ಸೆಟ್ಟಿಂಗನ್ನೇ ಹಿಡಿದು ಕೂರುತ್ತದೆ. ಇಲ್ಲಿ ವಿವರಿಸಿರುವ ದೋಷಗಳಲ್ಲಿ ಹೆಚ್ಚಿನವು ಹುಟ್ಟುವುದು ಇದರಿಂದಲೇ.

ಹಿನ್ನೆಲೆ

ಭಾರತದಲ್ಲಿ ಸಾರ್ವಜನಿಕ ಇಂಟರ್ನೆಟ್ ಸೇವೆಯನ್ನು ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಆರಂಭಿಸಿತು. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಕೆಲಸ ಆರಂಭಿಸಿತು. ಅದರ ಸಂಚಾರ್‌ನೆಟ್ ಡಯಲ್‌ಅಪ್ ಸೇವೆ ಸಾಮಾನ್ಯ ದೂರವಾಣಿ ತಂತಿಯ ಮೇಲೆಯೇ ನಡೆಯುತ್ತಿತ್ತು. ಫೋನ್ ಬಿಲ್ಲು ಪಲ್ಸ್ ಲೆಕ್ಕದಲ್ಲಿ ಏರುತ್ತಿದ್ದುದರಿಂದ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ‘ಕಳಿಸಿ ತರಿಸಿದ ಮೇಲೆ ಲೈನ್ ಕಡಿದುಬಿಡು’ ಎಂಬ ಆಯ್ಕೆಗೆ ಗುರುತು ಹಾಕಿಡುವುದು ಕಚೇರಿಗಳಲ್ಲಿ ರೂಢಿಯಾಗಿತ್ತು. ಪತ್ರಗಳನ್ನೆಲ್ಲ ಮೊದಲೇ ಬರೆದು ಔಟ್‌ಬಾಕ್ಸಿನಲ್ಲಿಟ್ಟು, ಒಂದೇ ಸಲ ಡಯಲ್ ಮಾಡಿ ಕಳಿಸುತ್ತಿದ್ದರು.

ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ 2005ರ ಜನವರಿಯಲ್ಲಿ ಬಂತು. ಕೇಂದ್ರದ 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್ ಎನಿಸುತ್ತಿತ್ತು. ಕೆಲವು ಪ್ಲಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಡೌನ್‌ಲೋಡಿಗೆ ಲೆಕ್ಕವಿರಲಿಲ್ಲ. ದೊಡ್ಡ ಲಗತ್ತುಗಳನ್ನು ಆ ಹೊತ್ತಿಗೆ ತರಿಸಿಕೊಂಡವರೂ ಇದ್ದರು. ಮುಂದೆ ಫೈಬರ್ ಬಂತು, 2016ರ ನಂತರ 4ಜಿ ಹಾಟ್‌ಸ್ಪಾಟ್ ಅಗ್ಗವಾಯಿತು. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಸರಕು ಪೂರೈಸುವವರ ಕಚೇರಿ, ತಿ. ನರಸೀಪುರ ಮತ್ತು ಬನ್ನೂರಿನ ರೈಸ್ ಮಿಲ್, ಆಡಿಟರ್ ಆಫೀಸು, ಡಿಟಿಪಿ ಅಂಗಡಿಯಂಥ ಕಡೆ ಹಳೆಯ ಕಂಪ್ಯೂಟರೊಂದು ಈ ಎಲ್ಲ ಕಾಲವನ್ನೂ ದಾಟಿ ಬಂದಿದ್ದರೆ, ಪ್ರತಿ ಕಾಲದ ಸೆಟ್ಟಿಂಗೂ ಅದರಲ್ಲಿ ಉಳಿದಿರುವ ಸಾಧ್ಯತೆ ಇದೆ.

ಸೆಟ್ಟಿಂಗ್‌ಗಳು ಇರುವ ಜಾಗ

ಮೇಲ್ ಹೋಗಿ ಬರಲು ಮೂರು ಕಡೆಯ ಸೆಟ್ಟಿಂಗ್ ಸರಿಯಿರಬೇಕು. ಒಂದು, ಮೋಡೆಮ್ ಅಥವಾ ರೂಟರಿನದು. ಎರಡು, ವಿಂಡೋಸಿನ ಇಂಟರ್ನೆಟ್ ಆಯ್ಕೆಗಳು ಮತ್ತು ನೆಟ್‌ವರ್ಕ್ ಸೆಟ್ಟಿಂಗ್‌ಗಳು: ಡಯಲ್ ಮಾಡಬೇಕೆ, ಪ್ರಾಕ್ಸಿ ಇದೆಯೆ, ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಯಾವುದು ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಮೂರು, ಪ್ರೋಗ್ರಾಂನ ಖಾತೆ: ಒಳಬರುವ ಸರ್ವರ್, ಹೊರಹೋಗುವ ಸರ್ವರ್, ಪೋರ್ಟ್ ಸಂಖ್ಯೆ, ಗೂಢಲಿಪಿ, ಬಳಕೆದಾರ ಹೆಸರು, ಪಾಸ್‌ವರ್ಡ್.

ಮೇಲ್ ಕಳಿಸಲು ಬಳಕೆಯಾಗುವ ನಿಯಮಾವಳಿ ಎಸ್‌ಎಂಟಿಪಿ. ಇದು 1982ರಲ್ಲಿ ಪ್ರಕಟವಾಯಿತು. ತರಿಸಲು ಇರುವವು ಪಾಪ್3 ಮತ್ತು ಐಮ್ಯಾಪ್. ಪಾಪ್ ಸಾಮಾನ್ಯವಾಗಿ ಪತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಸರ್ವರಿನಿಂದ ಅಳಿಸುತ್ತದೆ; ಐಮ್ಯಾಪ್‌ನಲ್ಲಿ ಪತ್ರ ಸರ್ವರಿನಲ್ಲೇ ಉಳಿಯುತ್ತದೆ. ಪೋರ್ಟ್‌ಗಳು ಹೀಗಿವೆ:

• ಪಾಪ್3: 110, ಗೂಢಲಿಪಿಯೊಂದಿಗೆ 995
• ಐಮ್ಯಾಪ್: 143, ಗೂಢಲಿಪಿಯೊಂದಿಗೆ 993
• ಎಸ್‌ಎಂಟಿಪಿ: ಸರ್ವರುಗಳ ನಡುವೆ 25, ಬಳಕೆದಾರರಿಗೆ 587 ಅಥವಾ 465

ಪತ್ತೆಯ ಕ್ರಮ

ಪ್ರೋಗ್ರಾಂ ಸೆಟ್ಟಿಂಗಿಗೆ ಕೈ ಹಾಕುವುದು ಕೊನೆಯ ಹೆಜ್ಜೆ. ಮೊದಲು ಬ್ರೌಸರಿನಲ್ಲಿ ಯಾವುದಾದರೂ ತಾಣ ತೆರೆಯುತ್ತದೆಯೇ ಎಂದು ನೋಡಬೇಕು. ತೆರೆಯದಿದ್ದರೆ ತೊಡಕು ಮೇಲ್‌ನದಲ್ಲ, ನೆಟ್‌ನದು.

ನೆಟ್ ಇಲ್ಲವಾದರೆ ಮೋಡೆಮ್ ದೀಪಗಳೇ ಮೊದಲ ಸಾಕ್ಷಿ. ತಾಮ್ರದ ತಂತಿಯ ಮೋಡೆಮ್‌ನಲ್ಲಿ ಡಿಎಸ್‌ಎಲ್ ದೀಪ ಮಿನುಗುತ್ತಲೇ ಇದ್ದರೆ ಎಕ್ಸ್‌ಚೇಂಜ್ ಸಿಕ್ಕಿಲ್ಲ ಎಂದರ್ಥ. ಫೋನ್ ಎತ್ತಿದಾಗ ಕರಕರ ಸದ್ದಿದ್ದರೆ ತಂತಿಯ ಜೋಡಣೆಯಲ್ಲಿ ತೇವ ಸೇರಿರಬಹುದು. ಕಪಿಲೆಯ ದಡದ ನಂಜನಗೂಡಿನಲ್ಲೂ ಕಪಿಲೆ ಕಾವೇರಿಯನ್ನು ಕೂಡುವ ತಿ. ನರಸೀಪುರದಲ್ಲೂ ಮಳೆಗಾಲದಲ್ಲಿ ಈ ಸಂಶಯ ಮೊದಲು ಬರಬೇಕಾದದ್ದೇ. 2018 ಮತ್ತು 2019ರ ಆಗಸ್ಟ್‌ನಲ್ಲಿ ಹೊಳೆಯ ನೀರು ಮೈಸೂರು–ನಂಜನಗೂಡು ಹೆದ್ದಾರಿಯ ಸಂಚಾರವನ್ನೇ ತಡೆದಿತ್ತು. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ದೀಪ ಕೆಂಪಾದರೆ ಬೆಳಕಿನ ಸಂಕೇತ ಬರುತ್ತಿಲ್ಲ. ಎಳೆ ತುಂಡಾಗಿರಬಹುದು ಅಥವಾ ವಿಪರೀತ ಬಾಗಿರಬಹುದು. ಇವೆರಡಕ್ಕೂ ಲೈನ್‌ಮನ್ ಬರಬೇಕೇ ಹೊರತು ಔಟ್‌ಲುಕ್ಕಿನಲ್ಲಿ ಪರಿಹಾರವಿಲ್ಲ.

ವಿಂಡೋಸ್ ತಾನೇ ಡಯಲ್ ಮಾಡುವ ಸಂಪರ್ಕಗಳಲ್ಲಿ ದೋಷಸಂಖ್ಯೆ ದಾರಿ ತೋರಿಸುತ್ತದೆ. 680 ಎಂದರೆ ಡಯಲ್ ಟೋನ್ ಇಲ್ಲ. 678 ಎಂದರೆ ಆ ಕಡೆಯಿಂದ ಉತ್ತರವಿಲ್ಲ. ಬ್ರಾಡ್‌ಬ್ಯಾಂಡಿನಲ್ಲಿ ಇದು ಮೋಡೆಮ್ ಅಥವಾ ಲೈನಿನ ತೊಡಕು. 691 ಎಂದರೆ ಬಳಕೆದಾರ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. ಬಿಲ್ಲು ಕಟ್ಟದೆ ಸೇವೆ ನಿಂತಾಗಲೂ ಇದೇ ಸಂಖ್ಯೆ ಬರಬಹುದು. ಇಲ್ಲಿ ಕೇಳುವುದು ಬ್ರಾಡ್‌ಬ್ಯಾಂಡಿನ ಪಾಸ್‌ವರ್ಡ್, ಮೇಲ್‌ನದಲ್ಲ. ಇವೆರಡನ್ನೂ ಅದಲುಬದಲು ಮಾಡುವವರು ಬಹಳ.

ತಾಣಗಳು ತೆರೆದರೂ ಮೇಲ್ ಬಾರದಿದ್ದರೆ ಅಥವಾ ಹೋಗದಿದ್ದರೆ ‘ಆಫ್‌ಲೈನ್‌ನಲ್ಲಿ ಕೆಲಸ’ ಎಂಬ ಗುಂಡಿ ಒತ್ತಿಹೋಗಿದೆಯೇ ನೋಡಬೇಕು. ಅದಾದ ಮೇಲೆ ಸರ್ವರಿನ ಹೆಸರು. 8.8.8.8 ಎಂಬ ಐಪಿ ವಿಳಾಸಕ್ಕೆ ಪಿಂಗ್ ಮಾಡಿದಾಗ ಉತ್ತರ ಬಂದು, ಸರ್ವರಿನ ಹೆಸರು ಕೊಟ್ಟಾಗ ‘ಹೋಸ್ಟ್ ಸಿಗಲಿಲ್ಲ’ ಎಂದರೆ ಡಿಎನ್‌ಎಸ್ ಕೈಕೊಟ್ಟಿದೆ, ಇಲ್ಲವೇ ಹೆಸರಿನ ಕಾಗುಣಿತ ತಪ್ಪಿದೆ. ಹೆಸರು ಸಿಕ್ಕರೆ ಉಳಿಯುವುದು ಪೋರ್ಟ್. ಟೆಲ್ನೆಟ್ ಆದೇಶದಿಂದ 587ನೇ ಪೋರ್ಟ್ ತಟ್ಟಿದಾಗ 220 ಎಂದು ಆರಂಭವಾಗುವ ಸಾಲು ಬಂದರೆ ಅಲ್ಲಿಯವರೆಗಿನ ದಾರಿಯೆಲ್ಲ ಸರಿಯಿದೆ; ದೋಷ ಗೂಢಲಿಪಿ ಅಥವಾ ಪಾಸ್‌ವರ್ಡಿನಲ್ಲಿ ಮಾತ್ರ ಉಳಿದಿದೆ.

ಸರ್ವರಿನ ಉತ್ತರಗಳು

ಸರ್ವರಿನ ಸಂಪರ್ಕ ಸಿಕ್ಕಿದ್ದರೆ, ‘ಮೇಲ್ ಹೋಗ್ತಿಲ್ಲ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಅದು ಕೊಟ್ಟ ಮೂರಂಕಿಯ ಉತ್ತರವೊಂದು ಇರುತ್ತದೆ. 4ರಿಂದ ಆರಂಭವಾದರೆ ತಾತ್ಕಾಲಿಕ ತೊಡಕು, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಬಹುದು. 5ರಿಂದ ಆರಂಭವಾದರೆ ಸೆಟ್ಟಿಂಗನ್ನೋ ಪತ್ರವನ್ನೋ ಬದಲಿಸದೆ ಮತ್ತೆ ಕಳಿಸಿ ಪ್ರಯೋಜನವಿಲ್ಲ.

• 421: ಸರ್ವರು ಸದ್ಯಕ್ಕೆ ಸೇವೆ ನೀಡುತ್ತಿಲ್ಲ
• 530: ಮೊದಲು ಲಾಗಿನ್ ಆಗಬೇಕು ಅಥವಾ ಗೂಢಲಿಪಿ ಹಚ್ಚಬೇಕು
• 535: ಹೆಸರು ಅಥವಾ ಪಾಸ್‌ವರ್ಡ್ ತಪ್ಪು
• 550: ವಿಳಾಸ ಇಲ್ಲ ಅಥವಾ ಈ ಕಡೆಯಿಂದ ಕಳಿಸಲು ಅನುಮತಿ ಇಲ್ಲ
• 552: ಗಾತ್ರ ಅಥವಾ ಜಾಗದ ಮಿತಿ ಮೀರಿದೆ

ಸಾಮಾನ್ಯ ದೋಷಗಳು

ತಾನಾಗಿ ಡಯಲ್ ಮಾಡುವುದು. ಬ್ರಾಡ್‌ಬ್ಯಾಂಡ್ ಹಾಕಿಸಿದ ಮೇಲೂ ಔಟ್‌ಲುಕ್ ತೆರೆದ ಕೂಡಲೇ ಹಳೆಯ ಡಯಲ್‌ಅಪ್ ಕಿಟಕಿ ಎದ್ದುಬರುವುದುಂಟು. ಇಂಟರ್ನೆಟ್ ಆಯ್ಕೆಗಳ ಕನೆಕ್ಷನ್ಸ್ ಪುಟದಲ್ಲಿ ‘ಎಂದೂ ಡಯಲ್ ಮಾಡಬೇಡ’ ಎಂಬುದನ್ನು ಆರಿಸಿ, ಖಾತೆಯಲ್ಲಿ ಲ್ಯಾನ್ ಸಂಪರ್ಕ ಗೊತ್ತುಮಾಡಿದರೆ ಇದು ನಿಲ್ಲುತ್ತದೆ. ಆದರೆ ಈ ಪರಿಹಾರ ಎಲ್ಲರಿಗೂ ಸಲ್ಲದು. ಮೋಡೆಮ್ ರೂಟರ್ ಕ್ರಮದಲ್ಲಿದ್ದರೆ ಲಾಗಿನ್ ಅದೇ ಆಗುತ್ತದೆ, ಕಂಪ್ಯೂಟರ್ ಡಯಲ್ ಮಾಡಬೇಕಿಲ್ಲ. ಬ್ರಿಡ್ಜ್ ಕ್ರಮದಲ್ಲಿದ್ದರೆ ವಿಂಡೋಸೇ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಡಯಲ್ ಮಾಡಬೇಕು. ಅಲ್ಲಿ ತೆಗೆಯಬೇಕಾದದ್ದು ಹಳೆಯ ಡಯಲ್‌ಅಪ್ ನಮೂದನ್ನು ಮಾತ್ರ.

ಎಸ್‌ಟಿಡಿ ಕೋಡಿನ ಗೊಂದಲ. ಡಯಲ್‌ಅಪ್ ಕಾಲದಲ್ಲಿ ಲ್ಯಾಪ್‌ಟಾಪ್ ಒಯ್ಯುವವರಿಗೆ ಎದುರಾಗಬಹುದಾಗಿದ್ದ ದೋಷ ಇದು. ವಿಂಡೋಸಿನ ಡಯಲಿಂಗ್ ನಿಯಮಗಳಲ್ಲಿ ನಂಜನಗೂಡಿನ ಕೋಡ್ 08221 ಇದ್ದು, ಯಂತ್ರ ತಿ. ನರಸೀಪುರಕ್ಕೆ ಬಂದಾಗ ಅಲ್ಲಿನ 08227ಕ್ಕೆ ಬದಲಾಗದಿದ್ದರೆ, ಸ್ಥಳೀಯ ಕರೆಯನ್ನೂ ವಿಂಡೋಸ್ ಹೊರಊರಿನದೆಂದು ಭಾವಿಸಿ ಮುಂದೆ ಕೋಡ್ ಸೇರಿಸುತ್ತಿತ್ತು.

ಬರುತ್ತದೆ, ಹೋಗುವುದಿಲ್ಲ. ಸೇವಾದಾರರ ಹೊರಹೋಗುವ ಸರ್ವರ್ ಸಾಮಾನ್ಯವಾಗಿ ತನ್ನದೇ ಜಾಲದಿಂದ ಬಂದ ಮೇಲ್ ಮಾತ್ರ ಸ್ವೀಕರಿಸುತ್ತದೆ. ಬೇರೆ ಸೇವಾದಾರರ ಫೈಬರ್ ಹಾಕಿಸಿಕೊಂಡು ಹಳೆಯ ಸರ್ವರಿನ ಹೆಸರನ್ನೇ ಉಳಿಸಿಕೊಂಡರೆ ಮೇಲ್ ಬರುವುದು ಬರುತ್ತಲೇ ಇರುತ್ತದೆ, ಕಳಿಸಿದ್ದು ಮಾತ್ರ 550 ಎಂದು ಹಿಂತಿರುಗುತ್ತದೆ. ಸ್ಪ್ಯಾಮ್ ತಡೆಯಲು ಅನೇಕ ಸೇವಾದಾರರು 25ನೇ ಪೋರ್ಟನ್ನೂ ಮುಚ್ಚಿದ್ದಾರೆ. ಹೊರಹೋಗುವ ಸರ್ವರಿಗೂ ಲಾಗಿನ್ ಬೇಕು ಎಂಬ ಆಯ್ಕೆಗೆ ಗುರುತು ಹಾಕಿ 587 ಅಥವಾ 465 ಬಳಸುವುದೇ ಪರಿಹಾರ. 587ನ್ನು ಈ ಕೆಲಸಕ್ಕೆಂದೇ 1998ರಲ್ಲಿ ಗೊತ್ತುಮಾಡಲಾಯಿತು. ಮೊದಲಿನಿಂದಲೇ ಗೂಢಲಿಪಿ ಇರುವ 465 ಮೇಲೆಂದು 2018ರ ಶಿಫಾರಸು ಹೇಳುತ್ತದೆ.

ಕಾರ್ಖಾನೆಯ ಪ್ರಾಕ್ಸಿ ಮನೆಯಲ್ಲಿ. ಕೈಗಾರಿಕಾ ಪ್ರದೇಶದ ಕಚೇರಿಯಲ್ಲಿ ಪ್ರಾಕ್ಸಿ ಮತ್ತು ಸ್ಥಿರ ಐಪಿ ವಿಳಾಸ ಹಾಕಿದ ಲ್ಯಾಪ್‌ಟಾಪನ್ನು ಸಂಜೆ ಮನೆಗೆ ತಂದರೆ ಅದು ಇಲ್ಲದ ಪ್ರಾಕ್ಸಿಯನ್ನು ಹುಡುಕುತ್ತಾ ಕೂರುತ್ತದೆ. ವಿಳಾಸವನ್ನು ತಾನಾಗಿ ಪಡೆಯುವ ಕ್ರಮಕ್ಕೆ ತಂದು ಪ್ರಾಕ್ಸಿಯ ಗುರುತು ತೆಗೆಯಬೇಕು. ಥಂಡರ್‌ಬರ್ಡ್‌ನಲ್ಲಿ ಪ್ರಾಕ್ಸಿಗೆ ತನ್ನದೇ ಪುಟವಿದೆ. ವಿಂಡೋಸಿನಲ್ಲಿ ಸರಿಪಡಿಸಿದ್ದು ಅಲ್ಲಿಗೂ ಅನ್ವಯಿಸುತ್ತದೆಂದು ನಂಬಬಾರದು.

ಗಡಿಯಾರ ಹಿಂದೆ ಬಿದ್ದಿರುವುದು. ಮದರ್‌ಬೋರ್ಡಿನ ನಾಣ್ಯದಂಥ ಸೆಲ್, ಸಾಮಾನ್ಯವಾಗಿ ಸಿಆರ್2032, ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸರ್ವರಿನ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಪ್ರೋಗ್ರಾಂ ಅದನ್ನು ನಿರಾಕರಿಸುತ್ತದೆ. ಎಚ್ಚರಿಕೆಗೆ ‘ಹೌದು’ ಒತ್ತಿ ಮುಂದುವರಿಯುವುದು ತಪ್ಪು. ಸೆಲ್ ಬದಲಿಸಿ ತಾರೀಖು ಸರಿಪಡಿಸಿದರೆ ಸಾಕು.

ಚಿಕ್ಕ ಪತ್ರ ಹೋಗಿ, ಲಗತ್ತು ನಿಲ್ಲುವುದು. ಡಯಲ್ ಮಾಡುವ ಬ್ರಾಡ್‌ಬ್ಯಾಂಡಿನಲ್ಲಿ ಒಂದು ಪೊಟ್ಟಣದ ಮಿತಿ 1500 ಅಲ್ಲ, 1492 ಬೈಟ್. ಉಳಿದ 8 ಬೈಟ್ ಲಾಗಿನ್ ಹೊದಿಕೆಗೆ ಹೋಗುತ್ತದೆ. ‘ಒಡೆಯಬೇಡ’ ಎಂಬ ಸೂಚನೆಯೊಂದಿಗೆ 1472 ಬೈಟಿನ ಪಿಂಗ್ ವಿಫಲವಾಗಿ 1464ರದು ಯಶಸ್ವಿಯಾದರೆ ಮಿತಿ 1492 ಎಂದು ತಿಳಿಯಬಹುದು. ಎರಡರಲ್ಲೂ 28 ಬೈಟ್ ಶಿರೋಭಾಗ ಸೇರಿಸಿ ಲೆಕ್ಕ ಹಾಕಬೇಕು. ರೂಟರಿನಲ್ಲಿ ಈ ಮಿತಿಯನ್ನು ಹೇಳುವ ಎಂಟಿಯು ಮೌಲ್ಯವನ್ನು 1492ಕ್ಕೆ ಇಳಿಸುವುದು ಪರಿಹಾರ. ಲೈನ್ ನಿಧಾನವಾಗಿದ್ದರೆ ಔಟ್‌ಲುಕ್ಕಿನ ಕಾಯುವ ಅವಧಿಯನ್ನು 1 ನಿಮಿಷದಿಂದ 10 ನಿಮಿಷದವರೆಗೂ ಏರಿಸಬಹುದು.

ಪಾಸ್‌ವರ್ಡ್ ಕನ್ನಡದಲ್ಲಿ ಬೀಳುವುದು. ಡಿಟಿಪಿ ಕೆಲಸದ ಕಂಪ್ಯೂಟರಿನಲ್ಲಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಚಾಲೂ ಇದ್ದಾಗ ಪಾಸ್‌ವರ್ಡ್ ಟೈಪ್ ಮಾಡಿದರೆ ಬೇರೆಯೇ ಅಕ್ಷರ ಬೀಳುತ್ತದೆ. ತೆರೆಯಲ್ಲಿ ಬರೀ ಚುಕ್ಕಿ ಕಾಣುವುದರಿಂದ ಗೊತ್ತಾಗುವುದಿಲ್ಲ. ಸ್ಕ್ರಾಲ್ ಲಾಕ್ ಒತ್ತಿ ಇಂಗ್ಲಿಷಿಗೆ ಬಂದು ಮತ್ತೆ ಟೈಪ್ ಮಾಡಬೇಕು.

ಸಂಪರ್ಕದಂತೆ ಕಾಣುವ ಬೇರೆ ದೋಷ. ಔಟ್‌ಲುಕ್ 2002 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳ ಮೇಲ್ ಕಡತಕ್ಕೆ 2 ಗಿಗಾಬೈಟ್ ಮಿತಿಯಿತ್ತು. ಕಡತ ತುಂಬಿದರೆ ನೆಟ್ ಚೆನ್ನಾಗಿದ್ದರೂ ಹೊಸ ಮೇಲ್ ಇಳಿಯುವುದಿಲ್ಲ. ಹಾಟ್‌ಸ್ಪಾಟನ್ನು ವಿಂಡೋಸಿನಲ್ಲಿ ‘ಮೀಟರ್ಡ್’ ಎಂದು ಗುರುತಿಸಿದ್ದರೂ ಔಟ್‌ಲುಕ್ ತಾನಾಗಿ ಮೇಲ್ ತರಿಸದೆ ಸುಮ್ಮನಿರಬಹುದು.

ಭದ್ರತಾ ನಿಯಮಗಳ ಬದಲಾವಣೆ

ನಿನ್ನೆಯವರೆಗೆ ನಡೆಯುತ್ತಿದ್ದ ಖಾತೆ, ಯಾರೂ ಏನೂ ಮುಟ್ಟದಿದ್ದರೂ ನಿಂತುಹೋದರೆ ಸರ್ವರಿನ ಕಡೆ ನಿಯಮ ಬದಲಾಗಿರಬಹುದು. ಹಳೆಯ ಗೂಢಲಿಪಿ ಆವೃತ್ತಿಗಳಾದ ಟಿಎಲ್‌ಎಸ್ 1.0 ಮತ್ತು 1.1ನ್ನು 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಕೈಬಿಡಲಾಯಿತು. ವಿಂಡೋಸ್ ಎಕ್ಸ್‌ಪಿಯ ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಟಿಎಲ್‌ಎಸ್ 1.2 ಬರುವುದಿಲ್ಲ, ಅದನ್ನೇ ಕೇಳುವ ಸರ್ವರಿನ ಎದುರು ಯಾವ ಸೆಟ್ಟಿಂಗೂ ಕೆಲಸ ಮಾಡದು, ಪ್ರೋಗ್ರಾಂ ಬದಲಿಸಬೇಕು. ವಿಂಡೋಸ್ 7ರ ಔಟ್‌ಲುಕ್ಕಿನಲ್ಲಿ ಇದಕ್ಕೆ ಪ್ರತ್ಯೇಕ ಅಪ್‌ಡೇಟ್ ಬೇಕು.

ಬರೀ ಹೆಸರು ಮತ್ತು ಪಾಸ್‌ವರ್ಡಿನ ಲಾಗಿನ್ನನ್ನು ಗೂಗಲ್ ವೈಯಕ್ತಿಕ ಜಿಮೇಲ್ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್.ಕಾಮ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ ಅದೇ ಕ್ರಮ ತಂದಿತು. ಹೊಸ ಪ್ರೋಗ್ರಾಂಗಳು ಬ್ರೌಸರ್ ಕಿಟಕಿ ತೆರೆದು ಲಾಗಿನ್ ಮಾಡಿಸುತ್ತವೆ. ಜಿಮೇಲ್‌ನಲ್ಲಿ ಎರಡು ಹಂತದ ಪರಿಶೀಲನೆ ಇದ್ದರೆ ಹಳೆಯ ಪ್ರೋಗ್ರಾಂಗೆಂದೇ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬಹುದು.

ಖಾತೆ ಅಳಿಸುವ ಮುನ್ನ

ಯಾವುದೂ ಬಗೆಹರಿಯದಿದ್ದಾಗ ಖಾತೆಯನ್ನು ಅಳಿಸಿ ಹೊಸದಾಗಿ ಹಾಕುವುದು ರಿಪೇರಿಯವರ ರೂಢಿ. ಐಮ್ಯಾಪ್ ಖಾತೆಯಾದರೆ, ಪತ್ರಗಳು ಸರ್ವರಿನಲ್ಲಿರುವುದರಿಂದ ಅಪಾಯ ಕಡಿಮೆ. ಪಾಪ್ ಖಾತೆಯಾದರೆ ಹಳೆಯ ಇನ್ವಾಯ್ಸ್, ಪರ್ಚೇಸ್ ಆರ್ಡರ್, ಜಿಎಸ್‌ಟಿ ಪತ್ರವ್ಯವಹಾರಗಳ ಏಕೈಕ ಪ್ರತಿ ಆ ಕಂಪ್ಯೂಟರಿನಲ್ಲೇ ಇರಬಹುದು. ಮೇಲ್ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ನೋಡಿ, ಆಮೇಲೆ ಅಳಿಸಬೇಕು. ಸರ್ವರ್, ಪೋರ್ಟ್, ಗೂಢಲಿಪಿಯ ಈಗಿನ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಸಲ ಸಂಪರ್ಕ ಬದಲಾದಾಗ ಏನನ್ನು ಬದಲಿಸಬೇಕು, ಏನನ್ನು ಹಾಗೇ ಬಿಡಬೇಕು ಎಂಬುದು ಸುಲಭವಾಗಿ ತಿಳಿಯುತ್ತದೆ.