ದತ್ತಿಯಿಂದ ಅನುದಾನಕ್ಕೆ: ಕರ್ನಾಟಕದ ಸೇವಾಸಂಸ್ಥೆಗಳಿಗೆ ದೊರೆತ ನೆರವು ಮತ್ತು ಅದರ ಷರತ್ತುಗಳು

ಕರ್ನಾಟಕದ ಶಾಸನಗಳಲ್ಲಿ ದಾನಶಾಸನಗಳ ಪಾಲು ದೊಡ್ಡದು. ದೇವಾಲಯ, ಬಸದಿ, ಮಠ, ಅಗ್ರಹಾರ, ಘಟಿಕಾಸ್ಥಾನ, ಸತ್ರ, ಕೆರೆ ಮೊದಲಾದವುಗಳಿಗೆ ಬಿಟ್ಟುಕೊಟ್ಟ ಭೂಮಿ, ಸುಂಕ, ಹೊನ್ನು, ಎಣ್ಣೆ, ಧಾನ್ಯಗಳ ವಿವರ ಅವುಗಳಲ್ಲಿ ದೊರೆಯುತ್ತದೆ. ರಾಜಕೀಯ ಚರಿತ್ರೆ, ಧಾರ್ಮಿಕ ಚರಿತ್ರೆ ಹಾಗೂ ಭೂಹಿಡುವಳಿಯ ಅಧ್ಯಯನಗಳಿಗೆ ಈ ಸಾಮಗ್ರಿ ವಿಪುಲವಾಗಿ ಬಳಕೆಯಾಗಿದೆ. ಸಂಸ್ಥೆಯೊಂದಕ್ಕೆ ನೆರವು ನೀಡುವಾಗ ಕೊಡುವವರು ಏನನ್ನು ಅಪೇಕ್ಷಿಸುತ್ತಿದ್ದರು, ಪಡೆಯುವವರು ಯಾವುದಕ್ಕೆ ಬದ್ಧರಾಗುತ್ತಿದ್ದರು, ಆ ನೆರವು ನಿಂತುಹೋಗದಂತೆ ಕಾಯುವ ಹೊಣೆ ಯಾರದಾಗಿತ್ತು ಎಂಬ ಪ್ರಶ್ನೆಗಳನ್ನು ಇಂದಿನ ಅನುದಾನ ಪದ್ಧತಿಯವರೆಗೆ ಅನುಸರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಹಿಂದಿನವರು ಉದಾರಿಗಳಾಗಿದ್ದರು, ಇಂದಿನವರು ಅಲ್ಲ ಎಂಬ ರೂಢಿಯ ಮಾತನ್ನು ಆಧಾರಗಳು ಸಮರ್ಥಿಸುವುದಿಲ್ಲ. ಬದಲಾದದ್ದು ಔದಾರ್ಯವಲ್ಲ, ನೆರವಿನ ರೂಪ ಮತ್ತು ಅದರೊಡನೆ ಬರುವ ಹೊಣೆಯ ಹಂಚಿಕೆ.

ಶಾಸನೋಕ್ತ ದತ್ತಿಯ ಸ್ವರೂಪ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. ೯೪೫ರ ಶಾಸನ ಈ ದೃಷ್ಟಿಯಿಂದ ಮಹತ್ತ್ವದ್ದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳಿದ್ದವು. ಅವರ ನಿರ್ವಹಣೆಗಾಗಿ ೫೦೦ ನಿವರ್ತನ, ದೀಪಕ್ಕಾಗಿ ೧೨ ನಿವರ್ತನ, ಉಪಾಧ್ಯಾಯನಿಗೆ ೫೦ ನಿವರ್ತನ ಭೂಮಿಯನ್ನು ಬಿಡಲಾಯಿತು. ಇಷ್ಟಕ್ಕೇ ವ್ಯವಸ್ಥೆ ಮುಗಿಯಲಿಲ್ಲ. ಊರಿನವರು ಮದುವೆಯ ಸಂದರ್ಭದಲ್ಲಿ ಐದು ನಾಣ್ಯ, ಉಪನಯನದಲ್ಲಿ ಅದರ ಅರ್ಧ, ಚೌಲದಲ್ಲಿ ಅದರ ಕಾಲು ಭಾಗವನ್ನು ಶಾಲೆಗೆ ಸಲ್ಲಿಸಬೇಕೆಂದು ಶಾಸನ ವಿಧಿಸುತ್ತದೆ. ಅಧಿಕಾರಸ್ಥರ ನೆರವಿನೊಡನೆ ಊರಿನ ವಂತಿಗೆಯೂ ಸೇರಿ ಸಂಸ್ಥೆ ನಡೆಯುವ ಏರ್ಪಾಡು ಇದು. ಊರು ಇಲ್ಲಿ ಫಲಾನುಭವಿ ಮಾತ್ರವಲ್ಲ, ಪಾಲುದಾರನೂ ಹೌದು.

ಕಲಬುರಗಿ ಜಿಲ್ಲೆಯ ನಾಗಾವಿಯ ೧೦೫೮ರ ಶಾಸನ ಘಟಿಕಾಸ್ಥಾನವೊಂದರ ಖರ್ಚುವೆಚ್ಚದ ಅಂದಾಜುಪಟ್ಟಿಯಂತಿದೆ. ವೇದಾಧ್ಯಯನದ ೨೦೦ ಹಾಗೂ ಶಾಸ್ತ್ರಾಧ್ಯಯನದ ೫೨ ವಿದ್ಯಾರ್ಥಿಗಳ ಸಂಖ್ಯೆಯನ್ನು ಅದು ನಿಗದಿಗೊಳಿಸುತ್ತದೆ. ಉಪಾಧ್ಯಾಯರಿಗೂ, ಗ್ರಂಥಭಂಡಾರವನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಜೀವಿತವನ್ನು ಗೊತ್ತುಪಡಿಸುತ್ತದೆ. ಬಳ್ಳಿಗಾವೆಯ ಕೋಡಿಯ ಮಠಕ್ಕೆ ಸಂಬಂಧಿಸಿದ ೧೧೬೨ರ ಶಾಸನವು ಆ ಮಠವನ್ನು ನಾಲ್ಕು ವೇದಗಳ ಜೊತೆಗೆ ಜೈನ, ಬೌದ್ಧ ಮೊದಲಾದ ದರ್ಶನಗಳ ಅಧ್ಯಯನ ನಡೆಯುವ ಸ್ಥಾನವೆಂದೂ, ದೀನರಿಗೆ, ಅನಾಥರಿಗೆ, ಅಂಗವಿಕಲರಿಗೆ ಅನ್ನ ದೊರೆಯುವ ಹಾಗೂ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದೂ ವರ್ಣಿಸುತ್ತದೆ. ಕೆರೆಗಳ ವಿಷಯದಲ್ಲಿಯೂ ಬಿತ್ತುವಟ್ಟ, ಕಟ್ಟುಗೊಡಗೆ ಮೊದಲಾದ ಹೆಸರುಗಳಲ್ಲಿ ನಿರ್ದಿಷ್ಟ ಆದಾಯವನ್ನು ಮೀಸಲಿಡಲಾಗುತ್ತಿತ್ತು. ಕೆರೆಯನ್ನು ಕಟ್ಟಿಸಿದರೆ ಸಾಲದು, ವರ್ಷವರ್ಷವೂ ಹೂಳು ತೆಗೆದು ಏರಿಯನ್ನು ಭದ್ರಪಡಿಸುವ ಖರ್ಚಿಗೂ ಮೂಲ ಬೇಕೆಂಬ ತಿಳಿವಳಿಕೆ ಇದರ ಹಿಂದಿದೆ.

ಈ ದತ್ತಿಗಳಲ್ಲಿ ಮೂರು ಸಮಾನ ಲಕ್ಷಣಗಳನ್ನು ಗುರುತಿಸಬಹುದು. ಮೊದಲನೆಯದು, ಉದ್ದೇಶದ ಖಚಿತತೆ. ಇಷ್ಟು ಭೂಮಿ ದೀಪಕ್ಕೆ, ಇಷ್ಟು ಅನ್ನಕ್ಕೆ ಎಂಬ ವಿಂಗಡಣೆ ದಾನದ ಪಾಠದಲ್ಲೇ ಇರುತ್ತದೆ. ಎರಡನೆಯದು, ಶಾಶ್ವತತೆ. ಚಂದ್ರಸೂರ್ಯರಿರುವವರೆಗೆ ನಡೆಯಬೇಕಾದ ಧರ್ಮವೆಂದೇ ದಾನವನ್ನು ಕೊಡಲಾಗುತ್ತದೆ. ಮೂರನೆಯದು, ರಕ್ಷಣೆಯ ಹೊಣೆಯನ್ನು ಮಹಾಜನರು, ನಕರ, ಊರ ಗೌಡಪ್ರಜೆಗಳಂತಹ ಸ್ಥಳೀಯ ಸಮೂಹಗಳಿಗೂ ಮುಂದೆ ಬರುವ ಅರಸರಿಗೂ ಒಪ್ಪಿಸುವುದು. ಶಾಸನದ ಕೊನೆಯ ಶಾಪಾಶಯವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕೊಟ್ಟ ದತ್ತಿಯನ್ನು ಅಪಹರಿಸಿದವನಿಗೆ, ಅಳಿಸಿದವನಿಗೆ ಆ ಶಾಪ ತಟ್ಟುತ್ತದೆ. ಅಂತಹ ಶಕ್ತಿಯಿದ್ದವರು ಅರಸರು, ಅಧಿಕಾರಿಗಳು ಮತ್ತು ಬಲಾಢ್ಯರು. ಎಂದರೆ ನಿರ್ಬಂಧದ ಭಾರ ಮುಖ್ಯವಾಗಿ ನೆರವನ್ನು ಹಿಂತೆಗೆದುಕೊಳ್ಳಬಲ್ಲವರ ಮೇಲಿತ್ತು. ಪಡೆದವರಿಗೆ ಷರತ್ತುಗಳೇ ಇರಲಿಲ್ಲವೆಂದಲ್ಲ. ಕಾಳಾಮುಖ ಸ್ಥಾನಗಳ ಕೆಲವು ಶಾಸನಗಳು ನೈಷ್ಠಿಕ ಬ್ರಹ್ಮಚರ್ಯವನ್ನು ಪಾಲಿಸದ ಆಚಾರ್ಯನನ್ನು ಸ್ಥಾನದಿಂದ ಹೊರಹಾಕಬೇಕೆಂದು ಸ್ಪಷ್ಟವಾಗಿ ಹೇಳುತ್ತವೆ. ಆದರೆ ಅಲ್ಲಿ ಹೊರಹೋಗಬೇಕಾದವನು ವ್ಯಕ್ತಿ. ದತ್ತಿ ಸಂಸ್ಥೆಯಲ್ಲೇ ಉಳಿಯುತ್ತದೆ.

ಈ ವ್ಯವಸ್ಥೆಯ ಮಿತಿಯನ್ನೂ ಮರೆಯುವಂತಿಲ್ಲ. ವಿದ್ಯಾದತ್ತಿಗಳ ಬಹುಭಾಗ ಅಗ್ರಹಾರ, ಮಠಗಳ ಪಾಲಾಯಿತು. ದತ್ತಿಯ ಭೂಮಿಯನ್ನು ಉತ್ತು ಬಿತ್ತಿದವರ ಮಕ್ಕಳಿಗೆ ಆ ಭೂಮಿಯ ಹುಟ್ಟುವಳಿಯಿಂದ ನಡೆದ ಶಾಲೆಯಲ್ಲಿ ಸಾಮಾನ್ಯವಾಗಿ ಸ್ಥಾನವಿರಲಿಲ್ಲ. ಶಾಶ್ವತವಾದ ನೆರವು ಶಾಶ್ವತವಾದ ಹೊರಗಿಡುವಿಕೆಯೂ ಆಗಿತ್ತೆಂಬುದು ಗಮನಾರ್ಹ.

ಸನದು ಮತ್ತು ತಸ್ತೀಕು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಂಬಂಧ ತಲೆಕೆಳಗಾಯಿತು. ಮುಂಬಯಿ ಪ್ರಾಂತದಲ್ಲಿ ೧೮೫೨ರ ಕಾಯ್ದೆಯ ಮೂಲಕ ಇನಾಮು ಆಯೋಗಕ್ಕೆ ಶಾಸನಬದ್ಧ ಅಧಿಕಾರ ದೊರೆಯಿತು. ಅದರ ವಿಚಾರಣೆ ಇಂದಿನ ಉತ್ತರ ಕರ್ನಾಟಕದ ಭಾಗಗಳಿಗೂ ವ್ಯಾಪಿಸಿತು. ಮೈಸೂರು ಸಂಸ್ಥಾನದಲ್ಲಿ ೧೮೬೬ರಲ್ಲಿ ಇನಾಮು ಆಯೋಗ ಕಾರ್ಯಾರಂಭ ಮಾಡಿತು. ತಲೆಮಾರುಗಳಿಂದ ಅನುಭವದಲ್ಲಿದ್ದ ಭೂಮಿಯ ಬಗ್ಗೆ ಸನದು ಹಾಜರುಪಡಿಸಿ ಹಕ್ಕನ್ನು ಸಾಬೀತುಪಡಿಸುವ ಭಾರ ಅನುಭವದಾರನ ಮೇಲೆ ಬಿದ್ದಿತು. ಊರಿನ ನೆನಪಿಗಿಂತ ದಫ್ತರದ ಕಾಗದ ಹೆಚ್ಚಿನ ಪ್ರಮಾಣವಾಯಿತು. ಸೇವಾಸಂಸ್ಥೆಗಳ ಚರಿತ್ರೆಯಲ್ಲಿ ಇದು ನಿರ್ಣಾಯಕ ತಿರುವು. ಮುಂದಿನ ಅನುದಾನ ಪದ್ಧತಿಗಳೆಲ್ಲವೂ ಇದೇ ತತ್ತ್ವದ ಮೇಲೆ ನಿಂತಿವೆ.

ಮೈಸೂರಿನಲ್ಲಿ ಮುಜರಾಯಿ ಆಡಳಿತವು ೧೯೨೭ರ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯ್ದೆಯಿಂದ ಕ್ರಮಬದ್ಧಗೊಂಡಿತು. ೧೯೫೫ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಕಾಯ್ದೆಯ ತರುವಾಯ ಇಂತಹ ಸಂಸ್ಥೆಗಳಿಗೆ ಭೂಮಿಯ ಬದಲಾಗಿ ತಸ್ತೀಕು ಎಂಬ ವಾರ್ಷಿಕ ನಗದು ಸಂದಾಯವಾಗತೊಡಗಿತು. ಉಳುವವನಿಗೆ ಭೂಮಿಯ ಹಕ್ಕು ದೊರೆಯುವ ದಿಕ್ಕಿನಲ್ಲಿ ಇದು ನ್ಯಾಯವಾದ ಹೆಜ್ಜೆಯೇ. ಸಂಸ್ಥೆಯ ದೃಷ್ಟಿಯಿಂದ ನೋಡಿದಾಗ ಮಾತ್ರ, ಕಾಲದೊಡನೆ ಏರುವ ಹುಟ್ಟುವಳಿಯ ಸ್ಥಾನದಲ್ಲಿ, ಸರಕಾರ ಪರಿಷ್ಕರಿಸಿದ ಹೊರತು ಏರದ ಮೊಬಲಗು ಬಂದಿತು. ಧರ್ಮಸಂಸ್ಥೆಯ ಆದಾಯ ಆಯವ್ಯಯದ ಒಂದು ಬಾಬಾಯಿತು.

ಸಹಾಯಧನದ ನಿಯಮಗಳು

ಆಧುನಿಕ ಅರ್ಥದ ಅನುದಾನಕ್ಕೆ ೧೮೫೪ರ ವುಡ್ ಶಿಕ್ಷಣ ಆದೇಶಪತ್ರವೇ ಮೂಲ. ಖಾಸಗಿ ಶಾಲೆಗಳಿಗೆ ಸರಕಾರ ಸಹಾಯಧನ ನೀಡಬಹುದೆಂದು ಅದು ಒಪ್ಪಿತು. ಒಳ್ಳೆಯ ಲೌಕಿಕ ಶಿಕ್ಷಣ ನೀಡಬೇಕು, ಹೊಣೆಗಾರಿಕೆಯುಳ್ಳ ಸ್ಥಳೀಯ ಆಡಳಿತ ಮಂಡಲಿ ಇರಬೇಕು, ಸರಕಾರಿ ತನಿಖೆಗೆ ಒಪ್ಪಬೇಕು, ವಿದ್ಯಾರ್ಥಿಗಳಿಂದ ಅಲ್ಪವಾದರೂ ಶುಲ್ಕ ಪಡೆಯಬೇಕು ಎಂಬವು ಅದರ ಮುಖ್ಯ ಷರತ್ತುಗಳು. ಮತಭೇದವಿಲ್ಲದೆ, ನಿಯಮ ಪಾಲಿಸಿದ ಯಾವುದೇ ಸಂಸ್ಥೆ ನೆರವಿಗೆ ಅರ್ಹವೆಂಬ ತತ್ತ್ವ ಇಲ್ಲಿ ಮೊದಲಬಾರಿಗೆ ಲಿಖಿತ ರೂಪ ಪಡೆಯಿತು. ಹಳೆಯ ದತ್ತಿಯಲ್ಲಿ ಇಲ್ಲದಿದ್ದ ಬಾಗಿಲೊಂದು ಹೀಗೆ ತೆರೆಯಿತು. ಆದರೆ ಶುಲ್ಕದ ಷರತ್ತು ಬಡವರ ಶಾಲೆಗಳಿಗೆ ಅನುಕೂಲವಾಗಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ ಜಾರಿಗೆ ಬಂದ ಫಲಿತಾಂಶಾಧಾರಿತ ಸಹಾಯಧನ ಪದ್ಧತಿಯಲ್ಲಿ ತನಿಖಾಧಿಕಾರಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಲೆಕ್ಕದ ಮೇಲೆ ಹಣ ನಿರ್ಧಾರವಾಗುತ್ತಿತ್ತು. ಚೆನ್ನಾಗಿ ನಡೆಯುವ ಶಾಲೆಗೆ ಹೆಚ್ಚು, ಕಷ್ಟದಲ್ಲಿರುವ ಶಾಲೆಗೆ ಕಡಿಮೆ ಎಂಬ ಪರಿಣಾಮ ಇದರಿಂದ ಅನಿವಾರ್ಯವಾಗಿತ್ತು.

ಈ ಅವಧಿಯಲ್ಲೇ ಕನ್ನಡನಾಡಿನಲ್ಲಿ ಸಂಘಗಳ ಯುಗ ಆರಂಭವಾಯಿತು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, ೧೮೯೭ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಸ್ಥಾಪಿಸಿದ ದಲಿತೋದ್ಧಾರ ಸಂಸ್ಥೆ, ೧೯೦೬ರಲ್ಲಿ ಒಕ್ಕಲಿಗರ ಸಂಘ, ೧೯೧೫ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ರೂಪುಗೊಂಡವು. ೧೮೬೦ರ ಸಂಘಗಳ ನೋಂದಣಿ ಕಾಯ್ದೆ ಹಾಗೂ ಮೈಸೂರಿನ ೧೯೦೪ರ ಕಾಯ್ದೆ ಇಂತಹ ಸಮೂಹಗಳಿಗೆ ಕಾನೂನಿನ ವ್ಯಕ್ತಿತ್ವ ನೀಡುವ ದಾರಿಯನ್ನು ಒದಗಿಸಿದವು. ನಿಯಮಾವಳಿ, ಪದಾಧಿಕಾರಿಗಳ ಪಟ್ಟಿ, ವಾರ್ಷಿಕ ಸಭೆ, ಲೆಕ್ಕಪತ್ರ ಇವು ಸಂಘದ ಅಂಗಗಳಾದವು. ಸದಸ್ಯರ ವಂತಿಗೆ ಮತ್ತು ದಾನಿಗಳ ನಿಧಿಯೇ ಇವುಗಳಲ್ಲಿ ಬಹಳಷ್ಟಕ್ಕೆ ಮೊದಲ ಆಧಾರ.

ಸಹಾಯಧನವೆಂಬುದು ರಾಜಕೀಯವಾಗಿ ತಟಸ್ಥ ವಸ್ತುವಲ್ಲವೆಂಬುದು ೧೯೨೦ರಲ್ಲಿ ಎಲ್ಲರ ಅರಿವಿಗೆ ಬಂದಿತು. ಅಸಹಕಾರದ ಕಾರ್ಯಕ್ರಮವು ಸರಕಾರದ ಒಡೆತನದ ಶಾಲೆಗಳೊಡನೆ ಸರಕಾರದ ನೆರವು ಪಡೆಯುವ ಶಾಲೆಗಳಿಂದಲೂ ಮಕ್ಕಳನ್ನು ಕ್ರಮೇಣ ಹಿಂತೆಗೆದುಕೊಳ್ಳಲು ಕರೆನೀಡಿತು. ನೆರವು ಪಡೆದ ಸಂಸ್ಥೆಯೂ ನೆರವು ನೀಡಿದವರ ಅಧೀನವೇ ಎಂಬ ಅಭಿಪ್ರಾಯ ಆ ಕರೆಯಲ್ಲಿ ಅಡಕವಾಗಿತ್ತು.

ಸ್ವಾತಂತ್ರ್ಯೋತ್ತರ ವ್ಯವಸ್ಥೆ

ಕಲ್ಯಾಣ ರಾಜ್ಯದ ಪರಿಕಲ್ಪನೆಯೊಡನೆ ಸ್ವಯಂಸೇವಾ ಸಂಸ್ಥೆಗಳಿಗೆ ನೆರವು ನೀಡುವುದು ಸರಕಾರದ ಯೋಜನೆಯ ಅಂಗವಾಯಿತು. ೧೯೫೩ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿ ಸ್ಥಾಪನೆಗೊಂಡು ಮಹಿಳೆಯರು, ಮಕ್ಕಳು ಹಾಗೂ ಅಂಗವಿಕಲರಿಗಾಗಿ ದುಡಿಯುವ ಸಂಸ್ಥೆಗಳಿಗೆ ಅನುದಾನ ನೀಡತೊಡಗಿತು. ರಾಜ್ಯದಲ್ಲಿ ೧೯೬೦ರ ಸಂಘಗಳ ನೋಂದಣಿ ಕಾಯ್ದೆ ಜಾರಿಗೆ ಬಂದಿತು. ೧೯೮೬ರಲ್ಲಿ ಗ್ರಾಮೀಣಾಭಿವೃದ್ಧಿ ಕ್ಷೇತ್ರದ ಸಂಸ್ಥೆಗಳಿಗಾಗಿ ಕಪಾರ್ಟ್ ರೂಪುಗೊಂಡಿತು. ಸಾಹಿತ್ಯ, ರಂಗಭೂಮಿ, ಜಾನಪದ ಕ್ಷೇತ್ರದ ಸಂಘಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ದೊರೆಯತೊಡಗಿತು. ಸಾಲೋಟಗಿಯ ಕಾಲದಲ್ಲಿ ನೆರವಿನ ಕನಸನ್ನೂ ಕಾಣಲಾಗದಿದ್ದ ಸಮುದಾಯಗಳಿಗೆ ಅರ್ಜಿ ಸಲ್ಲಿಸುವ ಹಕ್ಕು ಈ ವ್ಯವಸ್ಥೆಯಿಂದ ಲಭಿಸಿತೆಂಬುದನ್ನು ಒತ್ತಿ ಹೇಳಬೇಕು.

ಅನುದಾನದ ಕಾರ್ಯವಿಧಾನವು ಸಾಮಾನ್ಯ ಹಣಕಾಸು ನಿಯಮಗಳಿಗೆ ಒಳಪಟ್ಟಿದೆ. ಪ್ರಸ್ತಾವನೆ, ಮಂಜೂರಾತಿ, ಕಂತಿನಲ್ಲಿ ಬಿಡುಗಡೆ, ಲೆಕ್ಕಪರಿಶೋಧನೆ, ಹಣ ಬಳಕೆ ಪ್ರಮಾಣಪತ್ರ ಎಂಬವು ಅದರ ಹಂತಗಳು. ಹಿಂದಿನ ಹಣದ ಬಳಕೆ ಪ್ರಮಾಣಪತ್ರ ಸಲ್ಲದೆ ಮುಂದಿನದು ಬಿಡುಗಡೆಯಾಗುವುದಿಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಂತು ತಡವಾದಾಗ ಶಿಶುವಿಹಾರದ ಶಿಕ್ಷಕಿಯ ಸಂಬಳವನ್ನೂ ವಸತಿಗೃಹದ ಅಕ್ಕಿಯನ್ನೂ ಸಂಸ್ಥೆಯೇ ಹೊಂದಿಸಿಕೊಳ್ಳಬೇಕಾಗುತ್ತದೆ. ತಡವಾದ ಪ್ರಮಾಣಪತ್ರಕ್ಕೆ ಸಂಸ್ಥೆ ಉತ್ತರಿಸಬೇಕು. ತಡವಾದ ಕಂತಿನ ನಷ್ಟವನ್ನೂ ಸಂಸ್ಥೆಯೇ ಹೊರಬೇಕು. ಮೂಲಧನವಿಲ್ಲದ ಸಣ್ಣ ಸಂಘಕ್ಕೆ ಈ ಅಂತರವನ್ನು ದಾಟುವುದು ಕಠಿಣ.

ಇತ್ತೀಚಿನ ಮೂಲಗಳು

ಸರಕಾರೇತರ ಮೂಲಗಳೂ ಇದೇ ಹಾದಿಯಲ್ಲಿ ಸಾಗಿವೆ. ವಿದೇಶಿ ವಂತಿಗೆಯನ್ನು ನಿಯಂತ್ರಿಸುವ ೧೯೭೬ರ ಕಾಯ್ದೆಯ ಸ್ಥಾನದಲ್ಲಿ ೨೦೧೦ರ ಕಾಯ್ದೆ ಬಂದು ನೋಂದಣಿಗೆ ಐದು ವರ್ಷಗಳ ಅವಧಿಯನ್ನು ನಿಗದಿಪಡಿಸಿತು. ೨೦೨೦ರ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇಕಡ ೫೦ರಿಂದ ೨೦ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಯ ಸಣ್ಣ ಗುಂಪಿಗೆ ನೆರವು ಹರಿಯುತ್ತಿದ್ದ ಕಾಲುವೆ ಇದರಿಂದ ಮುಚ್ಚಿತು. ೨೦೧೩ರ ಕಂಪನಿ ಕಾಯ್ದೆಯ ೧೩೫ನೆಯ ಕಲಮು ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ ಎರಡರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕೆಂದು ವಿಧಿಸಿತು. ಇಂತಹ ಹಣ ಪಡೆದು ಯೋಜನೆಗಳನ್ನು ನಡೆಸುವ ಸಂಸ್ಥೆಗಳಿಗೆ ೨೦೨೧ರಿಂದ ಪ್ರತ್ಯೇಕ ನೋಂದಣಿ ಕಡ್ಡಾಯವಾಯಿತು. ಒಂದೊಂದು ಮೂಲಕ್ಕೂ ಒಂದೊಂದು ಪ್ರಮಾಣಪತ್ರ, ಒಂದೊಂದು ಅವಧಿ, ಒಂದೊಂದು ನವೀಕರಣ ಎಂಬ ಸ್ಥಿತಿ ಏರ್ಪಟ್ಟಿದೆ.

ಇದಕ್ಕೆ ಭಿನ್ನವಾದ ಪ್ರಯೋಗಗಳೂ ಇಲ್ಲಿ ನಡೆದಿವೆ. ಸ್ವಸಹಾಯ ಗುಂಪುಗಳನ್ನು ಬ್ಯಾಂಕಿನೊಡನೆ ಜೋಡಿಸುವ ನಬಾರ್ಡಿನ ೧೯೯೨ರ ಪ್ರಾಯೋಗಿಕ ಕಾರ್ಯಕ್ರಮದ ಹಿನ್ನೆಲೆಯಲ್ಲಿ ಕರ್ನಾಟಕದ ಮೈರಾಡದಂತಹ ಸಂಸ್ಥೆಗಳ ಅನುಭವವಿತ್ತು. ಅಲ್ಲಿ ಗುಂಪಿನ ಉಳಿತಾಯ ಮತ್ತು ಪರಸ್ಪರ ವಿಶ್ವಾಸವೇ ಅರ್ಹತೆಯಾಯಿತು. ಗುಂಪು ನೋಂದಾಯಿತವಾಗಿರಲೇಬೇಕೆಂಬ ನಿರ್ಬಂಧವಿರಲಿಲ್ಲ. ೨೦೦೨ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮಂಜೂರಾದ ಸಮುದಾಯಾಧಾರಿತ ಕೆರೆ ನಿರ್ವಹಣಾ ಯೋಜನೆಯು ಕೆರೆ ಬಳಕೆದಾರರ ಸಂಘಗಳನ್ನು ರಚಿಸಿ, ಊರಿನವರ ವಂತಿಗೆಯನ್ನೂ ಪುನಶ್ಚೇತನದ ಭಾಗವಾಗಿಸಿತು. ಕಟ್ಟುಗೊಡಗೆಯೊಡನೆ ಹೋಲಿಸಿದಾಗ ಇದರ ಸಾಮ್ಯವೂ ಭೇದವೂ ಸ್ಪಷ್ಟ. ಊರಿನ ಪಾಲು ಎರಡರಲ್ಲೂ ಇದೆ. ಕಟ್ಟುಗೊಡಗೆಯಲ್ಲಿ ನಿರ್ವಹಣೆಯ ಆದಾಯ ಕೆರೆಗೇ ಅಂಟಿಕೊಂಡಿತ್ತು. ಯೋಜನೆಗಾದರೋ ಮುಕ್ತಾಯದ ದಿನಾಂಕವಿರುತ್ತದೆ, ಹೂಳಿಗೆ ಅದಿಲ್ಲ.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ದತ್ತಿಯು ಕೆಲವರಿಗೆ ಮಾತ್ರ ದೊರೆಯುತ್ತಿತ್ತು, ದೊರೆತದ್ದು ಉಳಿಯುತ್ತಿತ್ತು. ಅನುದಾನವು ತತ್ತ್ವಶಃ ಎಲ್ಲರಿಗೂ ತೆರೆದಿದೆ, ಆದರೆ ದೊರೆತದ್ದು ಉಳಿಯುವ ಭರವಸೆಯಿಲ್ಲ. ಶಾಪಾಶಯವು ಕೊಡುಗೆಯನ್ನು ಕಸಿಯಬಲ್ಲವರನ್ನು ಕಟ್ಟಿಹಾಕಲು ಯತ್ನಿಸಿತು. ಇಂದಿನ ಷರತ್ತುಪತ್ರ ಪಡೆಯುವವರನ್ನು ಮಾತ್ರ ಕಟ್ಟಿಹಾಕುತ್ತದೆ. ಹಳೆಯದಕ್ಕೆ ಮರಳುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಆದರೆ ಕೊಡುವವರೂ ಬದ್ಧರಾಗಬೇಕು, ನಿರ್ವಹಣೆಗೂ ಮೂಲವಿರಬೇಕು, ಊರಿಗೂ ಪಾಲಿರಬೇಕು ಎಂಬ ಮೂರು ತತ್ತ್ವಗಳು ಎಲ್ಲರಿಗೂ ತೆರೆದ ವ್ಯವಸ್ಥೆಯೊಡನೆ ವಿರೋಧಿಸುವಂಥವಲ್ಲ.

ಸಂಶೋಧಕರಿಗೂ ಗ್ರಂಥಾಲಯಗಳಿಗೂ ಇಲ್ಲೊಂದು ಕರ್ತವ್ಯವಿದೆ. ದತ್ತಿಯ ಚರಿತ್ರೆಯನ್ನು ನಾವು ಬರೆಯಬಲ್ಲೆವಾದರೆ ಅದು ಕಲ್ಲಿನಲ್ಲಿ ಉಳಿದುದರಿಂದ. ಅನುದಾನದ ಚರಿತ್ರೆ ಇರುವುದು ಸಂಘಗಳ ನಡವಳಿ ಪುಸ್ತಕ, ಅರ್ಜಿಗಳ ಪ್ರತಿ, ತಿರಸ್ಕಾರದ ಪತ್ರ, ಲೆಕ್ಕಪರಿಶೋಧನಾ ವರದಿಗಳಲ್ಲಿ. ಸಂಘ ಮುಚ್ಚಿದೊಡನೆ ಇವು ರದ್ದಿಗೆ ಹೋಗುತ್ತವೆ. ನೆರವು ಪಡೆದ ದೊಡ್ಡ ಸಂಸ್ಥೆಗಳ ದಾಖಲೆ ಹೇಗೋ ಉಳಿದೀತು; ಅರ್ಜಿ ಹಾಕಿ ಪಡೆಯಲಾರದೆ ನಿಂತುಹೋದ ಮಹಿಳಾ ಮಂಡಲಿ, ಯುವಕ ಸಂಘ, ಊರ ವಾಚನಾಲಯಗಳ ದಾಖಲೆಯನ್ನು ಉಳಿಸುವವರಿಲ್ಲ. ಜಿಲ್ಲಾ ಮಟ್ಟದಲ್ಲಿ ಇಂತಹ ಕಾಗದಪತ್ರಗಳ ಸಂಗ್ರಹವನ್ನು ಕೈಗೊಳ್ಳದಿದ್ದರೆ, ಕಳೆದ ನೂರೈವತ್ತು ವರ್ಷಗಳ ಸಾರ್ವಜನಿಕ ಸೇವೆಯ ಬಗ್ಗೆ ನಮಗೆ ತಿಳಿಯುವುದು ಹತ್ತನೆಯ ಶತಮಾನದ ಸಾಲೋಟಗಿಯ ಬಗ್ಗೆ ತಿಳಿದಿರುವುದಕ್ಕಿಂತ ಕಡಿಮೆಯಾದೀತು.